ಎಡಕ್ಕೆ ವಾಲಿದ ಗಾಳಿ

ಕಾಗದ ಅಂಗಿಯ ಎಡಜೇಬಿನಲ್ಲಿತ್ತು. ಕ್ಯಾತ್ಸಂದ್ರದಿಂದ ಬಟವಾಡಿಯ ಕಡೆಗೆ ರಸ್ತೆಯ ಅಂಚಿನಲ್ಲಿ ಸೈಕಲ್ ತುಳಿಯುತ್ತಿದ್ದ ಖಲೀಲುಲ್ಲಾನಿಗೆ, ಒಂದೊಂದು ತುಳಿತಕ್ಕೂ ಅದು ಎದೆಯ ಮೇಲೆ ಕರಕರ ಎನ್ನುವುದು ಕೇಳುತ್ತಿತ್ತು. ಲಾರಿಗಳ ಹಾರ್ನಿಗೂ ಆ ಸದ್ದು ಮುಚ್ಚಿಹೋಗಲಿಲ್ಲ. ಟೈಪ್ ಮಾಡಿದ ನಾಲ್ಕೇ ಸಾಲು. ಕುಣಿಗಲ್ ಕಡೆಯ ನಾಲೆಯ ಗೇಟಿಗೆಂದು ಕೊಯ್ದ ಹದಿನಾಲ್ಕು ಪ್ಲೇಟುಗಳು ಕೆಟ್ಟುಹೋದದ್ದು ಗ್ಯಾಸ್ ಕಟ್ಟರ್ ಖಲೀಲುಲ್ಲಾ ಆದ ನನ್ನ ಕೈತಪ್ಪಿನಿಂದ. ಇದಕ್ಕೆ ಬೇರೆ ಯಾರೂ ಹೊಣೆಯಲ್ಲ. ಕೆಳಗೆ ಸಹಿಗೆ ಒಂದು ಗೆರೆ. ಮಧ್ಯಾಹ್ನ ಹನ್ನೆರಡಕ್ಕೆ ಸಾಹುಕಾರ್ ಗಂಗಹನುಮಯ್ಯನವರು ಶೆಡ್ಡಿಗೆ ಬರುವ ಹೊತ್ತಿಗೆ ಆ ಗೆರೆಯ ಮೇಲೆ ಅವನ ಹೆಸರು ಬಿದ್ದಿರಬೇಕು. ಬಿದ್ದರೆ ಕೊಯ್ಯುವ ಟಾರ್ಚು ಬಿಟ್ಟು ಸ್ಟೋರಿನಲ್ಲಿ ಕೂರುವ ಕೆಲಸ, ಬೀಳದಿದ್ದರೆ ಕೆಲಸವೇ ಇಲ್ಲ. ಇಪ್ಪತ್ತಾರು ವರ್ಷ ಕಬ್ಬಿಣ ಕೊಯ್ದವನಿಗೆ ಕೊಡಲು ಅವರ ಬಳಿ ಇದ್ದದ್ದು ಇವೆರಡೇ. ಕೈತಪ್ಪು! ಆ ಮಾತನ್ನು ನಿನ್ನೆ ಸಂಜೆಯಿಂದ ಎಷ್ಟು ಸಲ ಬಾಯೊಳಗೆ ತಿರುಗಿಸಿದ್ದನೋ. ನಿಜವಾಗಿ ಕೈ ತಪ್ಪಿದ್ದರೆ ಅವನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹ್ಯಾಂಡಲ್ ಹಿಡಿದಿದ್ದ ಎರಡೂ ಕೈಗಳನ್ನು ನೋಡಿಕೊಂಡ. ಕಿಡಿ ಸಿಡಿದು ಆದ ಕಪ್ಪು ಚುಕ್ಕೆಗಳು ತುಂಬಿದ್ದವು. ನಲವತ್ತೆಂಟರ ವಯಸ್ಸಿನಲ್ಲೂ ಅವು ನಡುಗುತ್ತಿರಲಿಲ್ಲ.

ತಾಜುನ್ನೀಸಾ ಬೆಳಿಗ್ಗೆ ಅಂಗಿಗೆ ಗುಂಡಿ ಹೊಲಿಯುವಾಗ ಕಾಗದ ನೋಡಿದ್ದಳು. ಕನ್ನಡ ಓದಲು ಬಾರದ ಹೆಂಡತಿಗೆ ಅವನೇ ಮನೆಯ ಉರ್ದುವಿನಲ್ಲಿ ಅದನ್ನು ಹೇಳಬೇಕಾಯಿತು. ತನ್ನ ತಪ್ಪನ್ನು ತಾನೇ ತರ್ಜುಮೆ ಮಾಡುವ ಅವಮಾನ ಬೇರೆ. ಸ್ಟೋರು ಒಳ್ಳೆಯದೇ ಅಲ್ಲವೇ, ಕಣ್ಣುರಿ ತಪ್ಪುತ್ತೆ, ಅಂಗಿಗಳಿಗೆ ತೂತು ಬೀಳುವುದು ತಪ್ಪುತ್ತೆ ಎಂದಳು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, ತಪ್ಪು ನಿಮ್ಮದಾ ಎಂದು ಕೇಳಿದಳು. ಅಲ್ಲ ಎಂದ. ಹಾಗಿದ್ದರೆ ನಿನ್ನೆ ಕಾಗದ ಕೈಗೆ ಕೊಟ್ಟಾಗಲೇ ಅದನ್ನು ಯಾಕೆ ಹೇಳಲಿಲ್ಲ ಎಂದಳು. ಅವನು ಟೋಪಿ ಹುಡುಕತೊಡಗಿದ. ಟೋಪಿ ಮೊಳೆಯಲ್ಲೇ ನೇತಾಡುತ್ತಿತ್ತು, ಅವಳೂ ಅದನ್ನು ನೋಡುತ್ತಿದ್ದಳು. ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಉತ್ತರ ಶೆಡ್ಡಿನ ಬಾಗಿಲಲ್ಲಿ ಚರಂಡಿಯ ಮೇಲೆ ಹನ್ನೆರಡು ವರ್ಷದಿಂದ ಬಿದ್ದಿದೆ, ಆದರೆ ತಾಜುನ್ನೀಸಾ ಒಮ್ಮೆಯೂ ಶೆಡ್ಡಿಗೆ ಬಂದವಳಲ್ಲ.

ಅದು ಒಂದು ಕಬ್ಬಿಣದ ಪ್ಲೇಟು. ಶೆಡ್ಡಿನ ಒಳಗೆ ಹೋಗುವವರೆಲ್ಲ ಅದರ ಮೇಲೆ ಕಾಲಿಟ್ಟೇ ಹೋಗುತ್ತಾರೆ. ಒಂದು ಮೂಲೆ ನೆಲಕ್ಕೆ ಸರಿಯಾಗಿ ಕೂರದೆ ಪ್ರತಿ ಹೆಜ್ಜೆಗೂ ಟಣ್ ಎನ್ನುತ್ತದೆ. ಖಲೀಲುಲ್ಲಾ ಮಾತ್ರ ಅದನ್ನು ಈವರೆಗೆ ತುಳಿದಿಲ್ಲ. ಸೈಕಲ್ಲನ್ನು ಎತ್ತಿಕೊಂಡು ಪಕ್ಕದಲ್ಲಿ ಚರಂಡಿ ದಾಟುತ್ತಾನೆ. ಸಾಬರಿಗೆ ಅದೇನೋ ಮಡಿ ಎಂದು ಜೊತೆಯವರು ಛೇಡಿಸಿ ಛೇಡಿಸಿ ಸುಸ್ತಾಗಿ ಬಿಟ್ಟಿದ್ದಾರೆ. ಪ್ಲೇಟಿನ ಮೂಲೆಯಲ್ಲಿ ಐದು ಎಂಬ ಅಂಕಿ ಇದೆ. ಈ ಶೆಡ್ಡಿನ ಪದ್ಧತಿ ಅದು: ಕೊಯ್ದವನು ತನ್ನ ನಂಬರಿನ ಉಕ್ಕಿನ ಪಂಚನ್ನು ಮೂಲೆಯಲ್ಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹೊಡೆಯಬೇಕು, ಎರಡನೇ ಏಟು ಹೊಡೆದರೆ ಅಂಕಿ ಜೋಡಿಯಾಗಿ ಬಿದ್ದು ನಗೆಪಾಟಲು. ಖಲೀಲುಲ್ಲಾನ ನಂಬರು ಎರಡು. ಐದು ಕಾಳಯ್ಯನದು. ಕಾಳಯ್ಯ ಶೆಡ್ಡಿನಿಂದ ಹೋದಮೇಲೆ ಐದನ್ನು ಯಾರಿಗೂ ಕೊಟ್ಟಿಲ್ಲ, ಪಂಚು ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತಿದೆ. ಇವತ್ತೂ ಅವನು ಸೈಕಲ್ ಎತ್ತಿಕೊಂಡು ಪಕ್ಕದಿಂದಲೇ ದಾಟಿದ, ದಾಟುವಾಗ ಚರಂಡಿಯ ನೀರಿನಲ್ಲಿ ಒಂದು ಚಪ್ಪಲಿ ಮುಳುಗಿತು, ಉರ್ದುವಿನಲ್ಲಿ ಒಂದು ಬೈಗುಳ ಬಂತು. ಬೈದದ್ದು ತನಗೇ.

ಹೊತ್ತು ಇನ್ನೂ ಎಂಟೂವರೆ. ಯಾರೂ ಬಂದಿರಲಿಲ್ಲ. ಕೆಟ್ಟ ಹದಿನಾಲ್ಕು ಪ್ಲೇಟುಗಳು ಗೋಡೆಗೆ ಒರಗಿ ನಿಂತಿದ್ದವು, ಒಂದೊಂದರ ಅಂಚಿನಲ್ಲೂ ಗೆರೆಗಳು ಹಿಂದಕ್ಕೆ ಬಾಗಿ, ನಡುನಡುವೆ ಇಲಿ ಕಚ್ಚಿದ ಹಾಗೆ ಗುಳಿ ಬಿದ್ದು, ತಳದಲ್ಲಿ ಕರಗಿ ಗಟ್ಟಿಯಾದ ಕಿಟ್ಟ ಗಡ್ಡದಂತೆ ಜೋತುಬಿದ್ದಿತ್ತು. ಒಂದೊಂದರ ಮೂಲೆಯಲ್ಲೂ ಎರಡು, ಎರಡು, ಎರಡು. ಹೊಡೆದವನು ತಾನೇ. ಎಂಜಿನಿಯರ್ ಅಂಜಿನಪ್ಪ ಬೆಂಗಳೂರಿನಲ್ಲಿ ಎರಡು ದಿನದ ಉಪನ್ಯಾಸ ಕೇಳಿ ಬಂದ ಸೋಮವಾರದಿಂದ ಇದು ಶುರುವಾಗಿತ್ತು. ಗುಬ್ಬಿ ಪಕ್ಕದ ಹಳ್ಳಿಯ ಹುಡುಗ, ಇಪ್ಪತ್ತನಾಲ್ಕು ವರ್ಷ, ಕೆಲಸ ಇನ್ನೂ ಖಾಯಂ ಆಗಿಲ್ಲ, ಮನೆಯಲ್ಲಿ ಎಂಜಿನಿಯರ್ ಆದವನು ಅವನೇ ಮೊದಲು. ಕೆಟ್ಟವನಲ್ಲ, ದೊಡ್ಡವರನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಆವತ್ತು ಎಲ್ಲರನ್ನೂ ಸೇರಿಸಿ ಕೈಯಾಡಿಸುತ್ತಾ ಹೇಳಿದ:

"ಇನ್ ಮುಂದೆ ಬೆಳಕಲ್ಲೇ ಕಬ್ಬಿಣ ಕೊಯ್ತಾರೆ ಸಾಬ್ರೇ. ಲೇಸರ್ ಅಂತ. ಫಾರಿನ್ನಲ್ಲಿ ಆಗ್ಲೇ ಬಂದ್ಬಿಟ್ಟಿದೆ. ದಾರದಷ್ಟು ಸಂದು, ಅಂಚು ಕನ್ನಡಿ ಇದ್ದಂಗಿರುತ್ತೆ."

"ಕರಗಿದ್ ಕಬ್ಬಿಣ ಎಲ್ಲಿಗ್ ಹೋಗುತ್ತೆ ಸಾರ್?" ಎಂದು ಖಲೀಲುಲ್ಲಾ ಕೇಳಿದ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ.

"ಅದೇ ಸ್ವಾರಸ್ಯ! ಬೆಳಕಿನ್ ಜೊತೇಲೇ ಗ್ಯಾಸ್ ಬಿಡ್ತಾರೆ, ಭಾರಿ ಪ್ರೆಷರ್ರು. ಅದು ಊದಿ ಕೆಳಕ್ ತಳ್ಳುತ್ತೆ."

"ಹಂಗಾದ್ರೆ ಅಲ್ಲೂ ಗಾಳೀದೇ ಕೆಲ್ಸ ಅನ್ನಿ."

ಎಲ್ಲರೂ ನಕ್ಕರು, ಅಂಜಿನಪ್ಪನೂ ನಕ್ಕ. ನಕ್ಕು, ಆಕ್ಸಿಜನ್ ಸಿಲಿಂಡರಿನ ಬಳಿಗೆ ಹೋಗಿ, ಮೂರೂವರೆಯಲ್ಲಿದ್ದ ಒತ್ತಡದ ಗೇಜನ್ನು ಏಳಕ್ಕೆ ಏರಿಸಿದ. ಕಿಟ್ಟ ಒಂಚೂರೂ ನಿಲ್ಲಲ್ಲ ನೋಡ್ತಿರಿ ಎಂದ.

ಮೂರೂವರೆಯಲ್ಲಿ ಆ ಗಾಳಿ ಹೊಸ ಬಟ್ಟೆ ಹರಿದ ಹಾಗೆ ಒಂದೇ ಸಮನೆ ಸದ್ದು ಮಾಡುತ್ತದೆ. ಬೆಂಕಿಯ ನಡುವೆ ಕಪ್ಪು ಸೂಜಿಯೊಂದು ನೆಟ್ಟಗೆ ಇಳಿದು ನಿಂತಿರುತ್ತದೆ. ಆ ಸೂಜಿಯನ್ನು ಕಂಡವನಿಗೆ ಗೇಜು ನೋಡುವ ಅಗತ್ಯವೇ ಇಲ್ಲ. ಏಳಕ್ಕೆ ಏರಿಸಿದಾಗ ಸೂಜಿ ಟಾರ್ಚಿನ ತುದಿಯ ನಾಝಲ್ಲಿನ ಬಾಯಲ್ಲೇ ಉಬ್ಬಿತು, ಕೆಳಗೆ ಸಣ್ಣಗಾಯಿತು, ಮತ್ತೆ ಉಬ್ಬಿತು. ಹುರಿಗೆ ಗಂಟು ಹಾಕಿದಂತೆ ಒಂದರ ಕೆಳಗೊಂದು ಗಂಟು. ಪ್ಲೇಟಿಗೆ ತಾಗುವ ಹೊತ್ತಿಗೆ ಗಾಳಿ ಚೂರಾಗಿತ್ತು. ತಳದಲ್ಲಿ ಕಿಡಿಗಳು ಒಂದೇ ಧಾರೆಯಾಗಿ ಬೀಳುವ ಬದಲು ಪೊರಕೆಯಂತೆ ಹರಡಿಕೊಂಡವು. "ಸಾರ್, ಗಾಳಿ ಒಡೀತಾ ಇದೆ" ಎಂದ ಖಲೀಲುಲ್ಲಾ. ಅಂಜಿನಪ್ಪ ಉಳಿದವರ ಮುಖ ನೋಡುತ್ತಾ, "ಗಾಳಿ ಒಡ್ಯಕ್ಕೆ ಅದೇನ್ ಮಡಕೆನಾ ಸಾಬ್ರೇ?" ಎಂದ. ನಗು ಎದ್ದಿತು. ತನ್ನ ಕಿವಿ ಬಿಸಿಯಾದದ್ದು ಅವನಿಗೆ ಗೊತ್ತಾಯಿತು, ಟೋಪಿ ಸರಿಪಡಿಸಿಕೊಂಡ, ಆಮೇಲೆ ಆರು ದಿನ ಬಾಯಿ ಬಿಡಲಿಲ್ಲ. ಹೇಳಿದ್ದನ್ನು ಮಾಡಿದ. ಮಾಡುವಾಗ ಒಳಗೊಳಗೇ ಕೆಡಲಿ, ಎಲ್ಲವೂ ಕೆಡಲಿ, ಕೆಟ್ಟಮೇಲೆ ಈ ಹುಡುಗನಿಗೆ ಗೊತ್ತಾಗಲಿ ಎಂದು ಹಾರೈಸಿದ್ದ. ಆ ಹಾರೈಕೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಬ್ಬಾ ಇದ್ದಿದ್ದರೆ ಮುಖಕ್ಕೆ ಉಗಿಯುತ್ತಿದ್ದರು. ಅವನ ಅಪ್ಪ ಇಸಾಕ್ ಸಾಬ್ ಗುಬ್ಬಿಯ ಬೀದಿಗಳಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ನೆಲದಲ್ಲಿ ಗುಂಡಿ ತೋಡಿ ಇದ್ದಿಲು ಹಾಕಿ ತಿದಿ ಒತ್ತಲು ಅವನನ್ನು ಕೂರಿಸುತ್ತಿದ್ದರು. ಜೋರಾಗಿ ಒತ್ತಿದರೆ ತಲೆಯ ಮೇಲೆ ಮೊಟಕುತ್ತಿದ್ದರು. ಒಮ್ಮೆ ದೊಡ್ಡಗಂಗಮ್ಮ ಎಂಬಾಕೆಯ ತಾಮ್ರದ ಹಂಡೆ ಅವನ ಜೋರು ಗಾಳಿಗೆ ತೂತಾಗಿತ್ತು. ಅಬ್ಬಾ ಆಕೆಯ ಮುಂದೆ ನಿಂತು, "ನನ್ ಮಗ ಗಾಳಿ ಜಾಸ್ತಿ ಕೊಟ್ಟ ತಾಯಿ, ತಪ್ಪಾಯ್ತು" ಎಂದರು. ಹಂಡೆ ಹಳೆಯದಾಗಿತ್ತು ಎಂದು ಹೇಳಬಹುದಿತ್ತು, ಆಕೆ ನಂಬುತ್ತಿದ್ದಳು. ಆಮೇಲೆ ಮೂರು ದಿನ ಕೂತು ಆ ಹಂಡೆಗೆ ತೇಪೆ ಹಾಕಿಕೊಟ್ಟರು.

ಖಲೀಲುಲ್ಲಾ ಗೇಜನ್ನು ಮೂರೂವರೆಗೆ ಇಳಿಸಿದ. ಕೇಳಿಕೊಂಡು ಮಾಡಬೇಕಾದ ಕೆಲಸ, ಕೇಳಲಿಲ್ಲ. ಕೆಟ್ಟ ಪ್ಲೇಟುಗಳಲ್ಲಿ ಒಂದನ್ನು ಎಳೆದು ಸ್ಟ್ಯಾಂಡಿನ ಮೇಲೆ ಮಲಗಿಸಿ, ಕಪ್ಪು ಕನ್ನಡಕ ಹಾಕಿ, ಟಾರ್ಚು ಹಚ್ಚಿದ. ಅಂಚು ಕೆಂಪಾಗಿ, ಕೆಂಪು ಹಳದಿಗೆ ತಿರುಗಿ, ಬೆವರು ಹನಿದಂತಾದಾಗ ಆಕ್ಸಿಜನ್ ಬಿಟ್ಟ. ಬಟ್ಟೆ ಹರಿಯುವ ಸದ್ದು ಬಂತು. ಆ ಸದ್ದಿಗೆ ಅವನ ಭುಜಗಳು ತಾವಾಗಿಯೇ ಸಡಿಲವಾದವು. ಆರು ದಿನದಿಂದ ಅವನು ಹೆದರಿದ್ದು ಕೆಲಸ ಹೋಗುವುದಕ್ಕಲ್ಲ ಎಂದು ಆಗ ಹೊಳೆಯಿತು. ತನಗೆ ಗೊತ್ತಿದ್ದದ್ದು ಇನ್ನೂ ಗೊತ್ತಿದೆಯೋ ಇಲ್ಲವೋ ಎಂದು ಹೆದರಿದ್ದ. ಗೊತ್ತಿತ್ತು. ಕೈ ತಾನಾಗಿ ಸಾಗಿತು, ಕಿಡಿಗಳು ನೆಟ್ಟಗೆ ಕೆಳಗಿಳಿದವು, ಒಂದಡಿ ಉದ್ದದ ಪಟ್ಟಿ ಬೇರೆಯಾಗಿ ದಡಕ್ಕನೆ ಬಿತ್ತು. ಕನ್ನಡಕ ತೆಗೆದಾಗ ಅಂಜಿನಪ್ಪ ಬಾಗಿಲಲ್ಲಿ ನಿಂತಿದ್ದ. ಟಣ್ ಎಂದದ್ದು ಬೆಂಕಿಯ ಸದ್ದಿನಲ್ಲಿ ಕೇಳಿರಲಿಲ್ಲ.

ಅಂಜಿನಪ್ಪ ಗೇಜು ನೋಡಿದ. ಪಟ್ಟಿಯನ್ನು ಇಕ್ಕಳದಿಂದ ಎತ್ತಿ ಅಂಚನ್ನು ಬೆಳಕಿಗೆ ಹಿಡಿದ. ಗೆರೆಗಳು ನೆಟ್ಟಗಿದ್ದವು. ತಳಕ್ಕೆ ಅಂಟಿದ್ದ ಒಂದೆರಡು ಚೂರು ಕಿಟ್ಟ ಸುತ್ತಿಗೆ ತಾಗಿಸಿದ ಕೂಡಲೇ ಉದುರಿತು.

"ನಂಗ್ ಗೊತ್ತಾಗೋಯ್ತು ಸಾಬ್ರೇ" ಎಂದ ಮೆಲ್ಲಗೆ. "ಇನ್‌ಸ್ಪೆಕ್ಷನ್ನೋರು ವಾಪಸ್ ಕಳ್ಸಿದ್ ದಿನಾನೇ ಗೊತ್ತಾಯ್ತು. ಲೇಸರ್‌ಗೆ ಹೇಳಿದ್ದನ್ನ ನಾನು ಇದಕ್ಕೆ ಅಂಟಿಸ್ಬಿಟ್ಟೆ."

"ಹಂಗಾದ್ರೆ ಈ ಕಾಗ್ದ?"

"ಮುಂದಿನ್ ತಿಂಗ್ಳು ನನ್ ಕನ್ಫರ್ಮೇಷನ್ನು. ಗುಬ್ಬೀಲಿ ನಮ್ಮಪ್ಪ ಎಲ್ರಿಗೂ ಹೇಳ್ಕೊಂಡ್ ಬಂದವ್ನೆ. ನೀವು ಸೈನ್ ಹಾಕಿದ್ರೆ ನಿಮ್ಗೇನೂ ಆಗಲ್ಲ ಸಾಬ್ರೇ, ಸ್ಟೋರ್ ಕೊಡ್ಸೋ ಜವಾಬ್ದಾರಿ ನಂದು. ನಾನು ಹಾಕಿದ್ರೆ ನನ್ ಕತೆ ಮುಗೀತು." ಅವನ ಮೇಲ್ತುಟಿಯ ಮೇಲೆ ಬೆವರಿತ್ತು. "ನಿಮ್ ಕಾಲ್ ಹಿಡ್ಕೊಂತೀನಿ ಬೇಕಾದ್ರೆ."

ಖಲೀಲುಲ್ಲಾನ ಸಿಟ್ಟು ಅಲ್ಲೇ ಅರ್ಧ ಇಳಿದುಹೋಯಿತು. ಇಳಿದದ್ದಕ್ಕೆ ಇನ್ನೊಂದು ಸಿಟ್ಟು ಬಂತು. ಆ ಬೆವರಿದ ತುಟಿ ಅವನಿಗೆ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ಇದೇ ಜಾಗದಲ್ಲಿ ಅದು ತನ್ನದಾಗಿತ್ತು. ಶುಕ್ರವಾರ. ಗುಬ್ಬಿ ರಸ್ತೆಯ ಸೇತುವೆಗೆ ಪ್ಲೇಟುಗಳು, ಕೊನೆಯದೊಂದು ಉಳಿದಿತ್ತು, ನಮಾಜಿಗೆ ಅರ್ಧ ಗಂಟೆ. ನಾಝಲ್ಲಿನ ನಡುತೂತಿಗೆ ಕಿಟ್ಟ ಕಟ್ಟಿಕೊಂಡಿತು. ಅದನ್ನು ತೆಗೆಯಲು ಹಿತ್ತಾಳೆಯ ಸಣ್ಣ ಸೂಜಿ ಇರಬೇಕು, ಆ ಹೊತ್ತಿಗೆ ಸಿಗಲಿಲ್ಲ. ಸೈಕಲ್ಲಿನ ಮುರಿದ ಕಡ್ಡಿಯೊಂದನ್ನು ಉಜ್ಜಿ ಮೊನೆ ಮಾಡಿ ತೂತಿಗೆ ತುರುಕಿ ತಿರುಗಿಸಿದ. ನಾಝಲ್ಲಿನ ತಾಮ್ರ ಮೆತ್ತಗಿನದು, ಕಡ್ಡಿ ಉಕ್ಕಿನದು. ಕಿಟ್ಟವೇನೋ ಬಂತು, ಅದರ ಜೊತೆಗೆ ತೂತಿನ ಬಾಯಿ ಒಂದು ಬದಿಗೆ ಕಿತ್ತುಕೊಂಡಿತು. ಅವನು ಅದನ್ನು ನೋಡಿದ. ನೋಡಿಯೂ ಟಾರ್ಚಿಗೆ ಹಾಕಿದ. ಅಷ್ಟರಲ್ಲಿ ಕಾಳಯ್ಯ ಬಂದು, "ನೀನ್ ಹೋಗ್ಲಾ, ನಮಾಜು ತಪ್ಪೋಗುತ್ತೆ. ಇದೊಂದ್ನ ನಾನ್ ಕೊಯ್ತೀನಿ ಬುಡು" ಎಂದ. ಹೋದ. ಮಸೀದಿಯಲ್ಲಿ ನೆಲಕ್ಕೆ ಹಣೆ ಹಚ್ಚಿದ್ದಾಗ ಆ ಕಿತ್ತುಹೋದ ತೂತೇ ಕಣ್ಣ ಮುಂದಿತ್ತು. ತಿರುಗಿ ಬರುವಷ್ಟರಲ್ಲಿ ಪ್ಲೇಟು ಕೆಟ್ಟಿತ್ತು, ಮೂಲೆಯಲ್ಲಿ ಐದು ಬಿದ್ದಿತ್ತು. ಕೆಟ್ಟ ಕೆಲಸಕ್ಕೂ ಕಾಳಯ್ಯ ತನ್ನ ನಂಬರನ್ನು ಒಂದೇ ಏಟಿಗೆ ನೀಟಾಗಿ ಹೊಡೆದಿದ್ದ. "ಗಾಳಿ ಎಡಕ್ಕೆ ವಾಲ್ತಿತ್ತು ಸಾಹುಕಾರ್ರೇ, ನಾನ್ ಸರ್ಯಾಗೇ ಹಿಡ್ದಿದ್ದೆ" ಎನ್ನುತ್ತಿದ್ದ. ಗಂಗಹನುಮಯ್ಯನವರು ತಿರುಗಿ, "ಖಲೀಲು, ನಾಝಲ್ ಸರಿ ಇತ್ತೇನಯ್ಯಾ?" ಎಂದರು. "ಸರಿ ಇತ್ತು" ಎಂದ. ಎರಡೇ ಮಾತು. ಕಾಳಯ್ಯನ ಕೆಲಸ ಹೋಯಿತು, ಕೆಟ್ಟ ಪ್ಲೇಟು ಬಾಗಿಲ ಚರಂಡಿಯ ಮೇಲೆ ಬಿತ್ತು. ಮೊದಲ ಮಗು ಹುಟ್ಟಿ ಹದಿನೈದು ದಿನವಾಗಿತ್ತು, ಅದನ್ನು ಕಾರಣ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಆ ಸಂಜೆ ನಾಝಲ್ಲನ್ನು ಅಮಾನಿಕೆರೆಗೆ ಎಸೆದ. ಎರಡು ವರ್ಷದ ಕೆಳಗೆ ಬೆಳ್ಳಾವಿಯ ಸಂತೆಯಲ್ಲಿ ಕಾಳಯ್ಯ ಸಿಕ್ಕಿದ್ದ. ಅಲ್ಲೇ ಯಾರದೋ ತೋಟಕ್ಕೆ ನೀರು ಹಾಯಿಸುತ್ತಿದ್ದಾನೆ, ಕೂದಲು ನೆರೆತಿದೆ. ಬೇಡವೆಂದರೂ ಟೀ ಕುಡಿಸಿದ, ಮಕ್ಕಳನ್ನು ವಿಚಾರಿಸಿದ, ಕೊನೆಗೆ ಲೋಟ ತೊಳೆದಿಡುವಾಗ, "ಆವತ್ತು ಗಾಳಿ ಯಾಕಂಗ್ ಎಡಕ್ ವಾಲ್ತೋ ಖಲೀಲು, ಇವತ್ಗೂ ಗೊತ್ತಾಗ್ಲಿಲ್ಲ ಕಣೋ. ನೀರಿಗ್ ಮಡೆ ಕಟ್ವಾಗೆಲ್ಲ ಅದೇ ಯೋಚ್ನೆ" ಎಂದ. ಖಲೀಲುಲ್ಲಾ ಬಸ್ಸಿಗೆ ಹೊತ್ತಾಯಿತೆಂದು ಎದ್ದಿದ್ದ.

"ಏನಂತೀರಾ ಸಾಬ್ರೇ?" ಎಂದು ಅಂಜಿನಪ್ಪ ಕೇಳುತ್ತಿದ್ದ.

"ಆ ಬಾಗ್ಲಲ್ಲಿರೋ ಪ್ಲೇಟ್ ತುಳ್ಕೊಂಡ್ ಬಂದ್ರಲ್ಲ, ಅದನ್ನ ನಾನ್ ಯಾಕ್ ತುಳ್ಯಲ್ಲ ಗೊತ್ತಾ ಸಾರ್ ನಿಮ್ಗೆ?"

"ಮಡಿ ಅಂತಾರೆ ಎಲ್ರೂ."

"ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಕೂತ್ಕೊಳ್ಳಿ, ಹೇಳ್ತೀನಿ." ಹೇಳಿದ. ಕಡ್ಡಿ, ತೂತು, ನಮಾಜು, ಎರಡು ಮಾತು, ಅಮಾನಿಕೆರೆ. ಹೆಂಡತಿಗೂ ಹೇಳದ್ದನ್ನು ಈ ಹುಡುಗನಿಗೆ, ಯಾರದೋ ಕತೆ ಹೇಳುವಷ್ಟು ಸಲೀಸಾಗಿ ಹೇಳಿದ. ಅಂಜಿನಪ್ಪನ ಕೈಯಲ್ಲಿದ್ದ ಪಟ್ಟಿ ಆರುತ್ತಾ ಬಂತು. "ನಾನ್ ಸೈನ್ ಹಾಕಿದ್ರೆ ನಾಳೆಯಿಂದ ನೀವು ಈ ಹದಿನಾಲ್ಕು ಪ್ಲೇಟ್ನ ದಾಟ್ಕೊಂಡ್ ಓಡಾಡ್ಬೇಕಾಗುತ್ತೆ ಸಾರ್. ನಂದು ಒಂದೇ ಪ್ಲೇಟು. ಆದ್ರೂ ಹನ್ನೆರಡು ವರ್ಷ ಆಯ್ತು."

ಅಂಜಿನಪ್ಪ ಪಟ್ಟಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಎದ್ದುಹೋದ, ಉಳಿದವರು ಒಬ್ಬೊಬ್ಬರಾಗಿ ಬಂದು ಕೆಲಸ ಶುರುಮಾಡಿದರು. ಹನ್ನೆರಡಾಗಲು ಹತ್ತು ನಿಮಿಷ ಇರುವಾಗಲೇ ಸಾಹುಕಾರರ ಕಾರು ಬಂತು. ಚರಂಡಿಯ ಮೇಲೆ ಟಣ್ ಎಂದಿತು. ಗಂಗಹನುಮಯ್ಯನವರಿಗೆ ಈಗ ಮಂಡಿನೋವು, ನಿಂತು ಮಾತಾಡಲಾರರು, ಯಾರೋ ಕುರ್ಚಿ ತಂದಿಟ್ಟರು.

"ಎಲ್ಲಯ್ಯಾ ಕಾಗ್ದ?"

ಖಲೀಲುಲ್ಲಾ ಜೇಬಿನಿಂದ ತೆಗೆದು ಅವರ ಮುಂದಿನ ಸ್ಟೂಲಿನ ಮೇಲಿಟ್ಟ. ಗೆರೆ ಖಾಲಿ ಇತ್ತು.

"ಸೈನು?"

"ಹಾಕಲ್ಲ ಸಾಹುಕಾರ್ರೇ. ನನ್ ಕೈ ತಪ್ಪಿಲ್ಲ. ಗಾಳಿ ಜಾಸ್ತಿಯಾಗಿ ಕೆಟ್ಟಿದ್ದು. ಮೂರೂವರೇಲಿ ಕೊಯ್ದಿದ್ದು ಅಲ್ಲಿದೆ ನೋಡಿ."

"ನಂಬರ್ ಯಾರ್ದಯ್ಯಾ ಅದ್ರ ಮೇಲೆ? ನಿಂದೇ ತಾನೆ? ಗಾಳಿ ಜಾಸ್ತಿ ಆಗಿದ್ರೆ ಕೊಯ್ಯೋವಾಗ ಬಾಯಿಗೇನ್ ಬಟ್ಟೆ ತುರುಕ್ಕೊಂಡಿದ್ಯಾ?"

ಆ ಪ್ರಶ್ನೆ ಸರಿಯಾದದ್ದೇ ಎಂದು ಅವನಿಗೂ ಅನಿಸಿತು. ತಾಜುನ್ನೀಸಾ ಬೆಳಿಗ್ಗೆ ದಾರ ಕಡಿದು ಕೇಳಿದ್ದೂ ಅದನ್ನೇ. ಒಮ್ಮೆ ಹೇಳಿದೆ, ನಕ್ಕರು ಎನ್ನಬಹುದಿತ್ತು. ಒಂದು ಸಲ ನಕ್ಕರೆ ಬಾಯಿ ಮುಚ್ಚಿಕೊಳ್ಳುವ ಗಂಡಸನ್ನು ಏನೆನ್ನಬೇಕು? ಅವನು ಡಬ್ಬಿಗೆ ಹೋಗಿ ತನ್ನ ಪಂಚು, ಒಂದು ಉಳಿ, ಸುತ್ತಿಗೆ ತೆಗೆದುಕೊಂಡ. ಬಾಗಿಲಿಗೆ ನಡೆದು ಚರಂಡಿಯ ಪಕ್ಕದಲ್ಲಿ ಮಂಡಿಯೂರಿದ. ಹನ್ನೆರಡು ವರ್ಷದ ಚಪ್ಪಲಿಗಳು ಉಜ್ಜಿದ್ದರಿಂದ ಐದು ಸವೆದಿತ್ತು, ಬೆರಳಾಡಿಸಿದರೆ ಮಾತ್ರ ಸರಿಯಾಗಿ ಸಿಗುತ್ತಿತ್ತು. ಉಳಿಯನ್ನು ಅದರ ಅಡ್ಡಕ್ಕೆ ಇಟ್ಟು ಮೂರು ಏಟು ಹಾಕಿದ. ಕಾಳಯ್ಯನ ಐದು ಒಡೆಯಿತು. ಪಕ್ಕದಲ್ಲಿ ಪಂಚನ್ನು ನೆಟ್ಟಗೆ ನಿಲ್ಲಿಸಿ ಒಂದೇ ಏಟು ಹೊಡೆದ. ಎರಡು ಬಿತ್ತು. ಜೋಡಿಯಾಗಲಿಲ್ಲ. ಒಳಗೆ ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಏನಯ್ಯಾ ಅದು? ಹುಚ್ಚಾ ನಿಂಗೆ?" ಎಂದರು ಗಂಗಹನುಮಯ್ಯನವರು.

"ಗುಬ್ಬಿ ಸೇತ್ವೆ ಪ್ಲೇಟು ಕಾಳಯ್ಯ ಕೆಡಿಸ್ಲಿಲ್ಲ. ನಾಝಲ್ ತೂತು ನಾನ್ ಹಾಳ್ ಮಾಡಿದ್ದೆ, ಸೈಕಲ್ ಕಡ್ಡಿ ಹಾಕಿ. ನೀವ್ ಕೇಳ್ದಾಗ ಸರಿ ಇತ್ತು ಅಂದೆ. ಸುಳ್ಳು ಹೇಳ್ದೆ."

ಸಾಹುಕಾರರ ಮುಖ ಕೆಂಪಾಯಿತು. ಮಂಡಿನೋವನ್ನು ಮರೆತು ಎದ್ದರು. "ಅದು ಆವತ್ತೇ ಗೊತ್ತಾಗಿದ್ರೆ ಆವತ್ತೇ ನಿನ್ನ ಆಚೆಗ್ ಹಾಕ್ತಿದ್ದೆ!"

"ಹಾಕ್ಬೇಕಿತ್ತು ಸಾಹುಕಾರ್ರೇ. ಈಗ್ ಹಾಕಿ, ನಾನ್ ಬೇಡ ಅನ್ನಲ್ಲ. ಆದ್ರೆ ಈ ಒಂದಕ್ಕೆ ಹಾಕಿ. ಆ ಹದಿನಾಲ್ಕಕ್ಕೆ ಹಾಕ್ಬೇಡಿ."

ಯಾರೂ ನಗಲಿಲ್ಲ. ಅಂಜಿನಪ್ಪ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡು ನಿಂತಿದ್ದ, ಅವನ ಬಾಯಿ ಒಮ್ಮೆ ತೆರೆದು ಮುಚ್ಚಿತು. ಖಲೀಲುಲ್ಲಾ ಅವನನ್ನು ಅವಸರ ಮಾಡಿಸಲಿಲ್ಲ; ತಾನೇ ಹನ್ನೆರಡು ವರ್ಷ ತೆಗೆದುಕೊಂಡವನು. "ಹೋಗು, ಇನ್ನು ಈ ಬಾಗ್ಲು ತುಳೀಬೇಡ" ಎಂದು ಸಾಹುಕಾರರು ಕೂಗಿದರು. ಸುತ್ತಿಗೆ, ಉಳಿಗಳನ್ನು ಡಬ್ಬಿಗೆ ಹಾಕಿದ, ಅವು ಶೆಡ್ಡಿನವು. ಎರಡರ ಪಂಚನ್ನೂ ಹಾಕಿದ. ಕಪ್ಪು ಕನ್ನಡಕ ಮಾತ್ರ ತನ್ನದು, ಅದನ್ನು ಜೇಬಿಗೆ ಹಾಕಿಕೊಂಡ. ಕಾಗದ ಇದ್ದ ಜೇಬು, ಈಗ ಕರಕರ ಇರಲಿಲ್ಲ. ಮನೆಯಲ್ಲಿ ಏನು ಹೇಳುವುದು ಎಂಬ ಭಯವಿತ್ತು, ಅದರ ಜೊತೆಗೇ ಗಟ್ಟಿಯಾಗಿ ಕೂಗಬೇಕೆನ್ನುವಷ್ಟು ಖುಷಿಯೂ ಆಗುತ್ತಿತ್ತು. ಸೈಕಲ್ ತಳ್ಳಿಕೊಂಡು ಬಾಗಿಲಿಗೆ ಬಂದವನು ಎಂದಿನಂತೆ ಅದನ್ನು ಎತ್ತಲು ಬಗ್ಗಿದ, ಬಗ್ಗಿ ನೆನಪಾಗಿ ನೆಟ್ಟಗಾದ. ಪ್ಲೇಟಿನ ಮೇಲೆ ಕಾಲಿಟ್ಟ. ಟಣ್ ಎಂದಿತು.

ಹಿಂದೆ ಅಂಜಿನಪ್ಪ ಸಾಹುಕಾರರಿಗೆ, "ಸಾರ್, ಗೇಜು..." ಎಂದದ್ದು ಕೇಳಿತು. ಮುಂದಿನ ಮಾತಿಗೆ ಅವನು ನಿಲ್ಲಲಿಲ್ಲ. ರಸ್ತೆಗೆ ಬಂದು ಕ್ಯಾತ್ಸಂದ್ರದ ಕಡೆಗೆ ತಿರುಗಬೇಕಾದ ಸೈಕಲ್ಲನ್ನು ಊರೊಳಕ್ಕೆ, ಬೆಳ್ಳಾವಿಯ ದಾರಿಗೆ ತಿರುಗಿಸಿದ. ಬಿಸಿಲಲ್ಲಿ ಎರಡು ಗಂಟೆಯಾದರೂ ತುಳಿಯಬೇಕು. ಹೋದ ಕೂಡಲೇ, ಟೀ ಕುಡಿಯುವ ಮೊದಲೇ, ಗಾಳಿ ಯಾಕೆ ಎಡಕ್ಕೆ ವಾಲಿತು ಎಂದು ಕಾಳಯ್ಯನಿಗೆ ಹೇಳಬೇಕು.